ಚರ್ಮಪ್ರತಿಮೆಗಳಲ್ಲಿ ಕಿವಿಯ ರಚನೆ

ಮೃತಮೃಗದ ಚರ್ಮವನ್ನು ಹದಗೊಳಿಸಿ, ಸಜೀವವೆಂಬಂತೆ ನಿಲ್ಲಿಸುವ ಟ್ಯಾಕ್ಸಿಡರ್ಮಿ ಕಲೆಯಲ್ಲಿ ನೋಡುವವರ ದೃಷ್ಟಿಯು ಗಾಜಿನ ಕಣ್ಣಿಗೂ ತೆರೆದ ಬಾಯಿಗೂ ಮೊದಲು ಹರಿಯುವುದು ಸಹಜವೇ ಸರಿ. ಆದರೆ ಕುಶಲಿಯ ಕೈಗೆ ನಿಜವಾದ ಒರೆಗಲ್ಲು ಕಿವಿ. ಕಣ್ಣನ್ನು ಕೊಂಡು ತಂದು ಕೂರಿಸಬಹುದು. ಕಿವಿಯನ್ನಾದರೋ ಆ ಮೃಗದ ಚರ್ಮದಿಂದಲೇ ಪುನಃ ಕಟ್ಟಬೇಕು.

ಈ ಕಷ್ಟಕ್ಕೆ ಕಾರಣವು ಕಿವಿಯ ರಚನೆಯಲ್ಲಿಯೇ ಇದೆ. ಅದರ ಹೊರಮೈಯ ಚರ್ಮವು ಒಳಗಿನ ಮೃದ್ವಸ್ಥಿಯಿಂದ ಸುಲಭವಾಗಿ ಬಿಡುವುದು; ಒಳಮೈಯ ತೆಳುಚರ್ಮವು ಹಾಗಲ್ಲ, ಬಲವಾಗಿ ಅಂಟಿಕೊಂಡಿರುವುದು. ಮೊಂಡಾದ ಉಪಕರಣದಿಂದ ಅಂಚಿನವರೆಗೂ ಮೆಲ್ಲಮೆಲ್ಲನೆ ಬಿಡಿಸುತ್ತ ಕಿವಿಯನ್ನು ಚೀಲದಂತೆ ಒಳಹೊರಗು ಮಾಡಬೇಕು. ಈ ಶ್ರಮಕ್ಕೆ ಬೇಸತ್ತು ಮೃದ್ವಸ್ಥಿಯನ್ನು ಹಾಗೆಯೇ ಬಿಟ್ಟರೆ ಅದು ಒಣಗುತ್ತ ಸುರುಟಿಕೊಳ್ಳುವುದು; ಜಿಂಕೆಯ ಕಿವಿಯು ಬಾಡಿದ ಎಲೆಯಂತಾಗುವುದು. ತೆಗೆದ ಮೇಲೂ, ಅದೇ ಆಕಾರದ ಆಧಾರವನ್ನಿಟ್ಟು ಒಳಮೈಯನ್ನು ಅಂಟಿಸದಿದ್ದರೆ, ಚರ್ಮವು ತಗ್ಗುಗಳಿಂದ ಮೇಲೆದ್ದು ಬಿಗಿಯುವುದು.

18ನೆಯ ಶತಮಾನದಲ್ಲಿ ಫ್ರಾನ್ಸಿನ ಮೆಟ್ಸ್ ನಗರದ ಬೆಕೂರ್ ಎಂಬಾತನು ಪಾಷಾಣ ಬೆರೆತ ಸಾಬೂನನ್ನು ಕಂಡುಹಿಡಿದುದರಿಂದ ಚರ್ಮಗಳಿಗೆ ಕೀಟಭಯ ತಪ್ಪಿತು. ಆದರೆ ಪಾಷಾಣವು ಚರ್ಮವನ್ನು ಉಳಿಸೀತೇ ಹೊರತು ಆಕಾರವನ್ನು ಉಳಿಸಲಾರದು. ಆ ಆಕಾರಕ್ಕಾಗಿ ಸೀಸದ ತಗಡು, ರಟ್ಟು, ಕಾಗದದ ಮುದ್ದೆ ಇವೆಲ್ಲವೂ ಬಳಕೆಗೆ ಬಂದುವು. ಸೀಸದ ತಗಡಿಗೆ ಒಂದು ಗುಣವುಂಟು: ಒಳಗಿಟ್ಟ ಮೇಲೂ ಅದನ್ನು ಬೆರಳಿನಿಂದ ಬಾಗಿಸಬಹುದು.

ಅಮೆರಿಕದ ಕಾರ್ಲ್ ಏಕ್ಲಿ 1902ರಲ್ಲಿ ಮುಗಿಸಿದ, ಚಿಕಾಗೋ ನಗರದ ಫೀಲ್ಡ್ ವಸ್ತುಸಂಗ್ರಹಾಲಯದ ನಾಲ್ಕು ಋತುಗಳ ಜಿಂಕೆಗಳಲ್ಲಿ ಹೊಸ ಮಾರ್ಗವು ಸ್ಪಷ್ಟವಾಗಿ ಕಾಣುವುದು. ಹುಲ್ಲು ತುಂಬುವ ಪದ್ಧತಿಯನ್ನು ಬಿಟ್ಟು, ಮಾಂಸಖಂಡಗಳನ್ನು ಜೇಡಿಮಣ್ಣಿನಲ್ಲಿ ರೂಪಿಸಿ, ಅದರಿಂದ ಅಚ್ಚೆತ್ತು, ಹಗುರವಾದ ಒಡಲನ್ನು ಮಾಡುವುದೇ ಆ ಮಾರ್ಗ. ಕಿವಿಯನ್ನು ತಿರುಗಿಸುವುವು ಅದರ ಬುಡದ ಸ್ನಾಯುಗಳು. ಬುಡವು ಸರಿಯಿಲ್ಲದಿದ್ದರೆ ಎಷ್ಟು ಚೆಲುವಾದ ಕಿವಿಯೂ ತಲೆಗೆ ಸಿಕ್ಕಿಸಿದಂತೆಯೇ ತೋರುವುದು.

ಮೈಸೂರಿನಲ್ಲಿ ಈ ಕಲೆಯನ್ನು ಲೋಕಪ್ರಸಿದ್ಧಗೊಳಿಸಿದವರು ವ್ಯಾನ್ ಇಂಗನ್ ಮನೆತನದವರು. ಅವರ ಕಾರ್ಯಾಲಯದಲ್ಲಿ ಅಚ್ಚುಗಳಿಂದ ತೆಗೆದ ಕಾಗದದ ಮುದ್ದೆಯ ಒಡಲುಗಳ ಮೇಲೆ ಹುಲಿ ಚಿರತೆಗಳ ಚರ್ಮವನ್ನು ಹೊದಿಸುತ್ತಿದ್ದರು. 1999ರಲ್ಲಿ ಮುಚ್ಚುವವರೆಗೆ ಅಲ್ಲಿ ಸಿದ್ಧವಾದ ಹುಲಿ ಚಿರತೆಗಳು 43,000ಕ್ಕೂ ಮಿಗಿಲೆಂದು ಎಣಿಕೆಯಿದೆ. ಬೇಟೆಗಾರರು ಹೆಚ್ಚಾಗಿ ಬಯಸಿದುದು ಗರ್ಜಿಸುವ ಮುಖವನ್ನು. ಇಲ್ಲಿ ಕಿವಿಯ ಪ್ರಶ್ನೆಯು ಮತ್ತೊಂದು ರೂಪದಲ್ಲಿ ಬರುತ್ತದೆ. ಹುಲಿಯ ಕಿವಿಯ ಹಿಂಬದಿ ಕಪ್ಪು, ನಡುವೆ ಬಿಳಿಯ ಮಚ್ಚೆ. ಕೆರಳಿದ ಹುಲಿಯು ಕಿವಿಗಳನ್ನು ತಿರುಚಿ ಒರಗಿಸುವಾಗ ಆ ಮಚ್ಚೆಯು ಎದುರಿಗೆ ಕಾಣುವುದು. ಹಲ್ಲುಗಳನ್ನೆಲ್ಲ ತೋರಿಸಿದ ಮುಖಕ್ಕೆ ನೆಟ್ಟಗೆ ನಿಮಿರಿದ ಶಾಂತವಾದ ಕಿವಿಗಳನ್ನು ಜೋಡಿಸಿದರೆ ಬಾಯಿ ಹೇಳುವುದೊಂದು, ಕಿವಿ ಹೇಳುವುದೊಂದು. ಇಂತಹ ಮುಖವು ಮೃಗದ ಕೋಪವನ್ನಲ್ಲ, ಕೊಂದವನ ಅಪೇಕ್ಷೆಯನ್ನು ತೋರುವುದೆಂದರೆ ಅತಿಶಯೋಕ್ತಿಯಾಗದು.

1972ರ ವನ್ಯಜೀವಿ ಸಂರಕ್ಷಣಾ ಶಾಸನದ ತರುವಾಯ ಹುಲಿಯ ಬೇಟೆ ನಿಂತಿತು. ಉಳಿದಿರುವುವು ಹಳೆಯ ಪ್ರತಿಮೆಗಳು ಮಾತ್ರ. ತೆಳುವಾದುದರಿಂದ ಅವುಗಳ ಕಿವಿಗಳು ಬೇಗ ಸೀಳುವುವು. ದುರಸ್ತಿಯ ನೆಪದಲ್ಲಿ ಒಳಗಿನ ಹಳೆಯ ತಗಡನ್ನೋ ರಟ್ಟನ್ನೋ ಕಿತ್ತೆಸೆದರೆ, ಆ ಪ್ರತಿಮೆಯು ಯಾವ ಪದ್ಧತಿಯದೆಂಬುದಕ್ಕೆ ಇದ್ದ ಒಂದು ಸಾಕ್ಷ್ಯವೂ ಹೋದಂತಾಗುವುದು. ಕ್ಷಕಿರಣದ ಚಿತ್ರದಲ್ಲಿ ಸೀಸವು ಚರ್ಮವನ್ನು ಬಿಚ್ಚದೆಯೇ ಕಾಣುವುದರಿಂದ, ಕತ್ತರಿಯನ್ನು ಹಿಡಿಯುವ ಮೊದಲು ಆ ಪರೀಕ್ಷೆ ನಡೆಯುವುದು ಯುಕ್ತ.