ಗುರುದಕ್ಷಿಣೆಯ ಸ್ವರೂಪಾಂತರ: ಮಲಪ್ರಭಾ ತೀರದ ಒಂದು ಪರಂಪರೆ

ಜನರನ್ನು ಗುರುಭಕ್ತಿಯ ಕಡೆಗೆ ನಡೆಸುವುದೆಂದರೆ ಅವರನ್ನು ಒಬ್ಬ ವ್ಯಕ್ತಿಗೆ ಅಧೀನರನ್ನಾಗಿ ಮಾಡುವುದೇ, ಅಥವಾ ಒಂದು ನಡತೆಗೆ ಬದ್ಧರನ್ನಾಗಿ ಮಾಡುವುದೇ? ಧರ್ಮೇತಿಹಾಸದಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಎದ್ದಿದೆ. ಬಾದಾಮಿ, ಹುನಗುಂದ, ಇಳಕಲ್ಲ, ಬಾಗಲಕೋಟೆಗಳನ್ನೊಳಗೊಂಡ ಪ್ರದೇಶವು ಇದಕ್ಕೆ ದೀರ್ಘಕಾಲದ ಸಾಕ್ಷ್ಯವನ್ನು ಒದಗಿಸುತ್ತದೆ. ಶಿಷ್ಯನು ಗುರುವಿಗೆ ಏನನ್ನು ಕೊಟ್ಟನೆಂಬುದನ್ನು ಅನುಸರಿಸಿ ಆ ಸಾಕ್ಷ್ಯವನ್ನು ಇಲ್ಲಿ ಸಂಕ್ಷೇಪವಾಗಿ ಪರಿಶೀಲಿಸುತ್ತೇವೆ.

ಬಾದಾಮಿಯ ಚಾಲುಕ್ಯ ದೊರೆ ಒಂದನೆಯ ವಿಕ್ರಮಾದಿತ್ಯನು ಕ್ರಿ. ಶ. 660ರಲ್ಲಿ ಸುದರ್ಶನಾಚಾರ್ಯನೆಂಬ ಶೈವಗುರುವಿನಿಂದ ಶಿವಮಂಡಲದೀಕ್ಷೆಯನ್ನು ಪಡೆದು, ಗುರುದಕ್ಷಿಣೆಯಾಗಿ ಒಂದು ಗ್ರಾಮವನ್ನು ದಾನವಿತ್ತನೆಂದು ಆಮುದಾಲಪಾಡು ತಾಮ್ರಶಾಸನದಿಂದ ತಿಳಿದುಬರುತ್ತದೆ. ಇಲ್ಲಿ ಶಿಷ್ಯನು ರಾಜ, ದಕ್ಷಿಣೆ ಭೂಮಿ. ದೀಕ್ಷೆಯಿಂದ ಅರಸನಿಗೆ ಪಾವಿತ್ರ್ಯವೂ ಆಚಾರ್ಯನಿಗೆ ಆಸ್ತಿಯೂ ದೊರೆತವು. ಸಾಮಾನ್ಯ ಪ್ರಜೆಗೆ ಈ ಸಂಬಂಧದಲ್ಲಿ ಸ್ಥಾನವಿರಲಿಲ್ಲ.

ಹನ್ನೆರಡನೆಯ ಶತಮಾನದ ಶರಣರು ಈ ವ್ಯವಸ್ಥೆಯನ್ನು ಬುಡಸಹಿತ ಬದಲಿಸಿದರು. ಕೃಷ್ಣಾ ಮಲಪ್ರಭೆಗಳು ಕೂಡುವ, ಹುನಗುಂದ ತಾಲ್ಲೂಕಿನ ಕೂಡಲಸಂಗಮದಲ್ಲಿ ಬಸವಣ್ಣನವರು ಜಾತವೇದಮುನಿಗಳ ಬಳಿ ವ್ಯಾಸಂಗ ಮಾಡಿದರೆಂಬುದು ಪರಂಪರೆಯ ನಂಬಿಕೆ. ಶರಣಧರ್ಮದ ಅಷ್ಟಾವರಣಗಳಲ್ಲಿ ಗುರುವಿಗೆ ಮೊದಲ ಸ್ಥಾನವುಂಟು. ಆದರೆ ಆ ಗುರುವು ಮಾಡುವ ಮುಖ್ಯ ಕಾರ್ಯವೆಂದರೆ ಇಷ್ಟಲಿಂಗವನ್ನು ಶಿಷ್ಯನ ಕರಸ್ಥಲಕ್ಕೆ ಕೊಡುವುದು. ಒಮ್ಮೆ ಕೊಟ್ಟ ಮೇಲೆ ಪೂಜೆಗೆ ಮಧ್ಯವರ್ತಿಯ ಅಗತ್ಯವಿಲ್ಲ. ಶಿಷ್ಯನು ಸಲ್ಲಿಸತಕ್ಕದ್ದೂ ಭೂದಾನವಲ್ಲ. ಕಾಯಕದಿಂದ ಗಳಿಸಿದುದನ್ನು ಸಮುದಾಯಕ್ಕೆ ಅರ್ಪಿಸುವ ದಾಸೋಹ. ಆಚಾರಹೀನ ಗುರುಗಳನ್ನು ಅಂಬಿಗರ ಚೌಡಯ್ಯನು ನಿಷ್ಠುರವಾಗಿ ಖಂಡಿಸಿದುದನ್ನು ನೆನೆದರೆ, ಈ ಭಕ್ತಿಯು ವಿವೇಚನೆಯನ್ನು ತೊರೆದುದಲ್ಲವೆಂಬುದು ಸ್ಪಷ್ಟವಾಗುತ್ತದೆ.

ಆಧುನಿಕ ಕಾಲದಲ್ಲಿ ಗುರುವನ್ನೇ ಶಿಕ್ಷಣಕ್ಕೆ ಒಳಪಡಿಸುವ ಪ್ರಯತ್ನವು ಇದೇ ನಾಡಿನಲ್ಲಿ ನಡೆಯಿತು. 1904ರಲ್ಲಿ ವೀರಶೈವ ಮಹಾಸಭೆಯ ಸ್ಥಾಪನೆಗೆ ಕಾರಣರಾದ ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಬಾದಾಮಿಯ ಸಮೀಪ, ಮಲಪ್ರಭೆಯ ದಡದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದರು. ಇಳಕಲ್ಲದ ವಿಜಯಮಹಾಂತ ಶಿವಯೋಗಿಗಳ ಪ್ರೇರಣೆಯು ಈ ಕಾರ್ಯದ ಹಿಂದೆ ಇದ್ದಿತೆಂದು ಪರಂಪರೆಯು ಸ್ಮರಿಸುತ್ತದೆ. ಮುಂದೆ ಮಠಾಧಿಪತಿಗಳಾಗತಕ್ಕ ವಟುಗಳಿಗೆ ಇಲ್ಲಿ ಶಾಸ್ತ್ರ, ಸಾಹಿತ್ಯ, ಯೋಗಗಳ ಅಭ್ಯಾಸವನ್ನು ಮಾಡಿಸಲಾಯಿತು. ಪೀಠವೇರುವ ಮುನ್ನ ಅರ್ಹತೆಯನ್ನು ಸಂಪಾದಿಸಬೇಕೆಂಬ ತತ್ತ್ವವು ಇದರಿಂದ ಸಂಸ್ಥೆಯ ರೂಪವನ್ನು ತಾಳಿತು. ಭಕ್ತರಿಗೆ ಬೋಧಿಸುವವನು ಮೊದಲು ತಾನು ಕಲಿಯಬೇಕು ಎಂಬುದೇ ಇದರ ಸಾರ. ಅಂಧಗಾಯಕ ಪಂಚಾಕ್ಷರ ಗವಾಯಿಗಳೂ ಕುಮಾರಸ್ವಾಮಿಗಳ ಆಶ್ರಯದಲ್ಲಿ ಬೆಳೆದವರೇ. ಸ್ವಾಮಿಗಳು 1930ರಲ್ಲಿ ಲಿಂಗೈಕ್ಯರಾದರು.

ಗುರುದಕ್ಷಿಣೆಯ ಕಲ್ಪನೆಯು ಅತ್ಯಂತ ವಿಶಿಷ್ಟವಾದ ತಿರುವನ್ನು ಪಡೆದುದು ಇಳಕಲ್ಲದಲ್ಲಿ. ಚಿತ್ತರಗಿ ಇಳಕಲ್ಲ ಸಂಸ್ಥಾನಮಠದ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ 'ಮಹಾಂತ ಜೋಳಿಗೆ'ಯನ್ನು ಆರಂಭಿಸಿದರು. ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ಕಾಳುಕಡಿಗಳನ್ನು ಬೇಡುವುದು ಜಂಗಮರ ಹಳೆಯ ವೃತ್ತಿ. ಇವರು ಅದೇ ಜೋಳಿಗೆಯನ್ನು ಒಡ್ಡಿ ಬೇಡಿದುದು ಜನರ ದುಶ್ಚಟಗಳನ್ನು. ಮದ್ಯ, ತಂಬಾಕು ಮೊದಲಾದವುಗಳನ್ನು ತ್ಯಜಿಸುವೆವೆಂದು ಜನರು ಗುರುವಿನ ಸಮ್ಮುಖದಲ್ಲಿ ಪ್ರತಿಜ್ಞೆ ಮಾಡಿದರು. ಗುರುಭಕ್ತಿಯ ಬಲವು ಹೀಗೆ ಮಠದ ಉಗ್ರಾಣವನ್ನು ತುಂಬುವುದಕ್ಕೆ ಬದಲಾಗಿ ದುಡಿಯುವವನ ಸಂಸಾರವನ್ನು ಉಳಿಸುವುದಕ್ಕೆ ವಿನಿಯೋಗವಾಯಿತು. ಶಿವಯೋಗಿಗಳು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಕರ್ನಾಟಕ ಸರ್ಕಾರವು ವ್ಯಸನಮುಕ್ತ ದಿನವೆಂದು ಗೊತ್ತುಪಡಿಸಿತು.

ಸಿಖ್ ಧರ್ಮದ ಇತಿಹಾಸದೊಡನೆ ಇದನ್ನು ಹೋಲಿಸಿ ನೋಡುವುದು ಉಚಿತ. 1699ರಲ್ಲಿ ಗುರು ಗೋವಿಂದಸಿಂಗರು ಆನಂದಪುರದಲ್ಲಿ ಖಾಲ್ಸಾ ದೀಕ್ಷೆಯನ್ನಿತ್ತ ಐವರು 'ಪ್ರಿಯ'ರಲ್ಲಿ ಒಬ್ಬರಾದ ಸಾಹಿಬ್ ಸಿಂಗರು ನಮ್ಮ ಬೀದರಿನವರೆಂದು ಸಿಖ್ ಪರಂಪರೆ ಹೇಳುತ್ತದೆ. ಆ ಐವರಿಂದಲೇ ಗುರುವು ಮರಳಿ ದೀಕ್ಷೆಯನ್ನು ಪಡೆದರು. ಅಂದರೆ ಗುರುವೂ ಶಿಷ್ಯರಿಗೆ ವಿಧಿಸಿದ ನಿಯಮಕ್ಕೆ ಒಳಗಾದರು. 1708ರಲ್ಲಿ ಅವರು ನಾಂದೇಡದಲ್ಲಿ ಕಾಲವಾಗುವ ಮುನ್ನ ಗುರುಪದವಿಯನ್ನು ವ್ಯಕ್ತಿಗೆ ಕೊಡದೆ ಗ್ರಂಥಕ್ಕೆ ಕೊಟ್ಟರು. ಖಾಲ್ಸಾ ನಿಯಮದಲ್ಲಿ ತಂಬಾಕು ನಿಷಿದ್ಧವೆಂಬುದೂ, ಲಂಗರಿನ ಸಹಭೋಜನವು ದಾಸೋಹವನ್ನು ನೆನಪಿಗೆ ತರುತ್ತದೆಂಬುದೂ ಗಮನಾರ್ಹ. ಎರಡು ಧರ್ಮಗಳ ತತ್ತ್ವಗಳು ಒಂದೇ ಎಂದು ನಾವು ಹೇಳುವುದಿಲ್ಲ. ಸಿಖ್ಖರಲ್ಲಿ ದೇಹಧಾರಿ ಗುರುಗಳ ಪರಂಪರೆ ನಿಂತಿತು; ಇಲ್ಲಿ ಪೀಠಪರಂಪರೆ ಮುಂದುವರಿಯಿತು. ಆದ್ದರಿಂದ ಗುರುವಿನ ಯೋಗ್ಯತೆಯ ಪ್ರಶ್ನೆ ಇಲ್ಲಿ ಪ್ರತಿ ತಲೆಮಾರಿನಲ್ಲಿಯೂ ಹೊಸದಾಗಿ ಏಳುತ್ತದೆ.

ಗ್ರಾಮದಾನದಿಂದ ದಾಸೋಹಕ್ಕೆ, ದಾಸೋಹದಿಂದ ದುಶ್ಚಟದಾನಕ್ಕೆ ನಡೆದ ಈ ಸ್ವರೂಪಾಂತರವು ನಮ್ಮ ಮೊದಲ ಪ್ರಶ್ನೆಗೆ ಉತ್ತರವನ್ನು ಸೂಚಿಸುತ್ತದೆ. ಗುರುಭಕ್ತಿಯ ಮೌಲ್ಯವನ್ನು ಗುರುವಿಗೆ ಸಂದ ಗೌರವದಿಂದ ಅಳೆಯಬಾರದು. ಗುರುವು ಕಣ್ಮರೆಯಾದ ಮೇಲೆಯೂ ಶಿಷ್ಯನಲ್ಲಿ ಉಳಿಯುವ ನಡತೆಯಿಂದ ಅಳೆಯಬೇಕು.