ಧಾತು-ಈಶ್ವರದ ಬರ

ಮೈಲಾರದ ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯನು ಬಿಲ್ಲನ್ನೇರಿ ನುಡಿಯುವ ಕಾರಣಿಕವನ್ನು ಜನಸ್ತೋಮವು ಉಸಿರು ಬಿಗಿಹಿಡಿದು ಆಲಿಸುವುದು. ಆ ಒಂದು ನುಡಿಯಲ್ಲಿ ರೈತನು ಮೊದಲು ಅರಸುವುದು ಮಳೆಬೆಳೆಯ ಸೂಚನೆಯನ್ನು. ಮಳೆಯನ್ನೇ ನಂಬಿದ ಹಡಗಲಿ ಸೀಮೆಗೆ ಇದು ಸಹಜವಾದುದೇ. ಆದರೆ ಮಳೆ ತಪ್ಪಿದ ಮಾತ್ರಕ್ಕೆ ಜನರು ಸಾಯಲೇಬೇಕೆ? ಧಾತು-ಈಶ್ವರ ಸಂವತ್ಸರಗಳ ಚರಿತ್ರೆಯನ್ನು ನೋಡಿದರೆ ಹಾಗೆ ಹೇಳಲು ಬಾಯಿ ಬಾರದು.

1876ರಲ್ಲಿ ಮುಂಗಾರು ಹಿಂಗಾರುಗಳೆರಡೂ ಕೈಕೊಟ್ಟವು. ಮದರಾಸು ಆಧಿಪತ್ಯದಲ್ಲಿ ಅತಿಯಾಗಿ ನೊಂದ ಜಿಲ್ಲೆಗಳಲ್ಲಿ, ಅಂದು ಈ ಸೀಮೆಯನ್ನೊಳಗೊಂಡಿದ್ದ ಬಳ್ಳಾರಿಯೂ ಒಂದು. ನಿಜಾಮನು 1800ರಲ್ಲಿ ಕಂಪೆನಿಗೆ ಒಪ್ಪಿಸಿದ ಈ ನಾಡಿನಲ್ಲಿ ಕಂದಾಯದ ಭಾರವು ಮೊದಲಿನಿಂದಲೂ ಹೆಚ್ಚಾಗಿತ್ತು. ಅದನ್ನು ಕಾಲುಭಾಗ ಇಳಿಸಬೇಕೆಂದು ಕಲೆಕ್ಟರನಾಗಿದ್ದ ಮನ್ರೋ ಸಾಹೇಬನೇ 1807ರಲ್ಲಿ ಸೂಚಿಸಿದ್ದನು. ಕಂದಾಯವನ್ನು ಹಣದಲ್ಲಿ ತೆರಬೇಕಾದ ರೈತನು ಸುಗ್ಗಿಯಲ್ಲಿಯೇ ಕಾಳನ್ನು ಮಾರಬೇಕಾಗುತ್ತಿತ್ತು. ಹಗೇವಿನಲ್ಲಿ ಉಳಿಯುವುದೇನು?

ಬಳ್ಳಾರಿಗೆ ಉಗಿಬಂಡಿಯು ಆಗಲೇ ಬಂದಿತ್ತು. ಅದರಲ್ಲಿ ಧಾನ್ಯವೂ ಬಂದಿತು. ಆದರೆ ಏರಿದ ಧಾರಣೆಯು ಕೂಲಿಕಾರನ ಕೈಗೆಟುಕಲಿಲ್ಲ. ಹಳ್ಳಿಗಳಿಗೆ ಗಾಡಿ ಎಳೆಯಬೇಕಾದ ಎತ್ತುಗಳೂ ಮೇವಿಲ್ಲದೆ ಬಿದ್ದವು. ಮದರಾಸು ಸರಕಾರವು 30,000 ಟನ್ನು ಧಾನ್ಯವನ್ನು ಕೊಂಡಾಗ, ವ್ಯಾಪಾರದಲ್ಲಿ ಕೈಹಾಕಬಾರದೆಂದು ಲಿಟನ್ ಪ್ರಭುವಿನ ಸರಕಾರವು ಆಕ್ಷೇಪಿಸಿತು. ಇತ್ತ ದೇಶದ ಧಾನ್ಯವು ಹಡಗೇರಿ ಹೊರನಾಡಿಗೆ ಹೋಗುವುದು ಮಾತ್ರ ನಿಲ್ಲಲಿಲ್ಲ.

1877ನೆಯ ಜನವರಿ 1ರಂದು ದಿಲ್ಲಿಯಲ್ಲಿ ವೈಭವದ ದರ್ಬಾರು ನಡೆಯಿತು. ಅದೇ ತಿಂಗಳು ಬರಪರಿಶೀಲನೆಗೆ ಬಂದ ಸರ್ ರಿಚರ್ಡ್ ಟೆಂಪಲನು ಪರಿಹಾರಕಾಮಗಾರಿಯ ಕೂಲಿಯನ್ನು, ಆಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಅಲ್ಪ ಕಾಸಿನಷ್ಟಕ್ಕೆ ಇಳಿಸಿದನು. ಇಷ್ಟರಿಂದ ದುಡಿಯುವ ದೇಹವು ಉಳಿಯದೆಂದು ಮದರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷನು ಪ್ರತಿಭಟಿಸಿದನು. ಕೂಲಿಯು ಮತ್ತೆ ಏರಿದುದು ತಡವಾಗಿ. ನಡುವೆ ಕಳೆದ ತಿಂಗಳುಗಳ ಬೆಲೆಯನ್ನು ತೆತ್ತವರು ಬಡವರು.

ನೆರೆಯ ಮೈಸೂರು ಸೀಮೆಯೂ ಆಗ ಇಂಗ್ಲಿಷರ ಆಡಳಿತದಲ್ಲಿಯೇ ಇತ್ತು. ಅಲ್ಲಿಯ ಜನಸಂಖ್ಯೆಯು 1871ರಲ್ಲಿ 50 ಲಕ್ಷವನ್ನು ಮೀರಿದ್ದುದು 1881ರಲ್ಲಿ 42 ಲಕ್ಷದೊಳಗೆ ಇಳಿದಿತ್ತು. ಈ ಸಂಖ್ಯೆಗಳ ಹಿಂದೆ ಪಾಳುಬಿದ್ದ ಮನೆಗಳಿವೆ, ಕುಲವಳಿದ ವಂಶಗಳಿವೆ.

ಬರದ ಕಾಲದಲ್ಲಿ ಕೂಲಿ ತಪ್ಪಿದವನೇ ಮೊದಲು ಹಸಿಯುವನೆಂಬುದನ್ನು 1880ರ ಕ್ಷಾಮ ಆಯೋಗವು ಒಪ್ಪಿಕೊಂಡಿತು; 1883ರಲ್ಲಿ ಕ್ಷಾಮಸಂಹಿತೆಯು ಹುಟ್ಟಿತು. ಆಳುವವರು ಮನಸ್ಸು ಮಾಡಿದರೆ ತಡೆಯಬಹುದಾದ ಸಾವುಗಳಿದ್ದುವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಮಳೆಯ ಮಾತನ್ನು ನಾವು ಕಾರಣಿಕದಲ್ಲಿ ಕೇಳೋಣ. ಅನ್ನದ ಲೆಕ್ಕವನ್ನು ಮಾತ್ರ ಆಳುವವರಲ್ಲಿಯೇ ಕೇಳತಕ್ಕದ್ದು.