ಲೆಕ್ಕದ ಪುಸ್ತಕದಲ್ಲಿ ಕಂಡ ಶರಣಾಗತಿ

ದೇವರ ಮೇಲೆ ಭಾರ ಹಾಕುವುದೆಂದರೆ ಕೈಕಟ್ಟಿ ಕುಳಿತುಕೊಳ್ಳುವುದೇ ಎಂಬ ಸಂದೇಹ ನಮಗೂ ಬಹಳ ದಿನಗಳಿಂದ ಇತ್ತು. ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಅನಾಥಾಲಯಗಳನ್ನು ನಡೆಸಿದ ಜಾರ್ಜ್ ಮುಲ್ಲರನ ಚರಿತ್ರೆಯನ್ನು ಓದಿದ ಮೇಲೆ ಆ ಸಂದೇಹವನ್ನು ತಿದ್ದಿಕೊಳ್ಳಬೇಕಾಯಿತು. ದೇವರ ಚಿತ್ತಕ್ಕೆ ತನ್ನನ್ನು ಒಪ್ಪಿಸಿಕೊಳ್ಳುವುದೆಂದು ಕ್ರೈಸ್ತರು ಹೇಳುವ ಮಾತಿಗೆ ದಿನನಿತ್ಯದ ಬಾಳಿನಲ್ಲಿ ಏನರ್ಥವೆಂಬುದು ಅಲ್ಲಿ ಕಾಣುತ್ತದೆ.

ಮುಲ್ಲರ್ ಹುಟ್ಟಿದ್ದು 1805ರಲ್ಲಿ, ಪ್ರಷ್ಯದಲ್ಲಿ. ಬಾಲ್ಯದಲ್ಲಿ ಸಾಧುವೇನೂ ಆಗಿರಲಿಲ್ಲ. ತಂದೆಯ ಹಣವನ್ನೇ ಕದಿಯುತ್ತಿದ್ದ, ವಸತಿಗೃಹದ ಬಾಕಿ ತೀರಿಸದೆ ಹದಿನಾರನೆಯ ವಯಸ್ಸಿನಲ್ಲಿ ಸೆರೆಮನೆಯನ್ನೂ ಕಂಡ. 1825ರಲ್ಲಿ ಹಾಲೆ ನಗರದಲ್ಲಿ ವಿದ್ಯಾರ್ಥಿಯಾಗಿದ್ದಾಗ, ವ್ಯಾಪಾರಿಯೊಬ್ಬನ ಮನೆಯ ಪ್ರಾರ್ಥನಾಕೂಟದಲ್ಲಿ ಆತನ ಮನಸ್ಸು ತಿರುಗಿತು. ಆ ಊರಿನಲ್ಲಿಯೇ ಹಿಂದೆ ಫ್ರಾಂಕೆ ಎಂಬ ಧರ್ಮಗುರು ದೊಡ್ಡದೊಂದು ಅನಾಥಾಲಯವನ್ನು ಕಟ್ಟಿದ್ದ. 1706ರಲ್ಲಿ ನಮ್ಮ ತರಂಗಂಬಾಡಿಗೆ ಬಂದಿಳಿದ ಜೀಗನ್‌ಬಾಲ್ಗ್ ಕೂಡ ಹಾಲೆಯಲ್ಲಿ ಓದಿದವನೇ ಎಂಬುದು ಸ್ವಾರಸ್ಯದ ಸಂಗತಿ.

ಇಂಗ್ಲೆಂಡಿಗೆ ಬಂದು ಸಭಾಪಾಲಕನಾದ ಮುಲ್ಲರ್ 1830ರಲ್ಲಿ ನಿಗದಿಯಾದ ಸಂಬಳವನ್ನು ಬಿಟ್ಟುಕೊಟ್ಟ. 1836ರಲ್ಲಿ ಬ್ರಿಸ್ಟಲ್ಲಿನ ಬಾಡಿಗೆ ಮನೆಯೊಂದರಲ್ಲಿ ಅನಾಥ ಮಕ್ಕಳನ್ನು ಸೇರಿಸಿಕೊಂಡಾಗ ಆತ ಇಟ್ಟುಕೊಂಡ ನಿಯಮಗಳು ಎರಡು: ಯಾರನ್ನೂ ಹಣ ಕೇಳಬಾರದು, ಸಾಲ ಮಾಡಬಾರದು. ಕೊರತೆಯನ್ನು ದೇವರೆದುರು ಮಾತ್ರ ಹೇಳಬೇಕು. ಆದರೆ ಬಂದ ಒಂದೊಂದು ಕಾಸಿಗೂ ಲೆಕ್ಕವಿತ್ತು, ದಾನಿಗೆ ರಸೀದಿಯಿತ್ತು, ವರ್ಷಕ್ಕೊಮ್ಮೆ ಅಚ್ಚಾದ ವರದಿಯಿತ್ತು. ಕಡತಗಳ ನಡುವೆ ದಿನ ಕಳೆಯುವ ನಮ್ಮಂಥವರಿಗೆ ಈ ಭಾಗವೇ ಹೆಚ್ಚು ಹಿಡಿಸಿತೆಂದರೆ ವಾಚಕರು ನಗಬಾರದು.

ವರದಿ ಅಚ್ಚು ಹಾಕಿಸುವುದೂ ಒಂದು ಬಗೆಯ ಯಾಚನೆಯೇ ಅಲ್ಲವೇ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ 1841ರ ಡಿಸೆಂಬರಿನಲ್ಲಿ ಏನು ನಡೆಯಿತೆಂಬುದನ್ನು ನೋಡಬೇಕು. ವಾರ್ಷಿಕ ಸಭೆಯ ಕಾಲ ಬಂದಿತ್ತು, ಕೈಯಲ್ಲಿ ಹಣವಿರಲಿಲ್ಲ. ಸಭೆ ಕರೆದರೆ ಕೊರತೆಯ ಸುದ್ದಿ ತಾನಾಗಿಯೇ ಊರಿಗೆ ತಿಳಿಯುತ್ತಿತ್ತು, ನೆರವೂ ಬರುತ್ತಿತ್ತು. ಮುಲ್ಲರ್ ಸಭೆಯನ್ನೂ ವರದಿಯನ್ನೂ ಮುಂದೂಡಿದ. ಮುಂದಿನ ನಾಲ್ಕು ತಿಂಗಳು ಬಹು ಕಷ್ಟದಲ್ಲಿ ಕಳೆದವು. ಎಷ್ಟೋ ದಿನ ಮುಂದಿನ ಊಟಕ್ಕೆ ಏನು ಎಂಬುದು ಗೊತ್ತಿರುತ್ತಿರಲಿಲ್ಲ. ನಂಬಿಕೆಯ ಬೆಲೆಯನ್ನು ಆತ ತೆತ್ತದ್ದು ಇಲ್ಲಿ ಎಂದು ನಮಗೆ ತೋರುತ್ತದೆ.

1849ರಲ್ಲಿ ಊರ ಹೊರಗಿನ ಆಷ್ಲಿ ಡೌನ್ ದಿಣ್ಣೆಯ ಮೇಲೆ 300 ಮಕ್ಕಳಿಗಾಗಿ ಸ್ವಂತ ಕಟ್ಟಡ ಎದ್ದಿತು. 1857ರ ನವೆಂಬರ್ ಕೊನೆಗೆ ಅಲ್ಲಿ ಕಟ್ಟಡವನ್ನು ಬೆಚ್ಚಗಿಡುವ ಬಾಯ್ಲರು ಸೋರತೊಡಗಿತು. ದುರಸ್ತಿಗೆ ಬೆಂಕಿ ಆರಿಸಬೇಕು. ಗೊತ್ತುಮಾಡಿದ ದಿನ ಹತ್ತಿರವಾಗುತ್ತಿದ್ದಂತೆ ಕೊರೆಯುವ ಉತ್ತರದ ಗಾಳಿ ಬೀಸಿತು. ತೆಂಕಣ ಗಾಳಿ ಬರಲಿ, ಕೆಲಸಗಾರರಿಗೆ ಕೆಲಸದಲ್ಲಿ ಮನಸ್ಸು ನಿಲ್ಲಲಿ ಎಂದು ಆತ ಪ್ರಾರ್ಥಿಸಿದ. ಆ ದಿನ ತೆಂಕಣ ಗಾಳಿಯೇ ಬೀಸಿತು. ಕೆಲಸಗಾರರು ತಾವಾಗಿಯೇ ರಾತ್ರಿಯೆಲ್ಲ ದುಡಿಯುತ್ತೇವೆಂದರು. ಇದನ್ನು ಕಾಕತಾಳೀಯ ಎನ್ನುವವರೊಡನೆ ನಾವು ವಾದಕ್ಕೆ ನಿಲ್ಲುವುದಿಲ್ಲ. ಪ್ರಾರ್ಥನೆಗೆ ಮೊದಲೇ ಕಮ್ಮಾರರನ್ನು ಗೊತ್ತುಮಾಡಿದ್ದನೆಂಬುದು ಮಾತ್ರ ನೆನಪಿರಲಿ.

ಬೇಡಿದ್ದು ಸಿಕ್ಕಾಗ ನಂಬುವುದು ಸುಲಭ. 1870ರ ಫೆಬ್ರವರಿಯಲ್ಲಿ ಹೆಂಡತಿ ಮೇರಿ ತೀರಿಕೊಂಡಳು. ಸುಮಾರು ನಲವತ್ತು ವರ್ಷ ಜೊತೆಗಿದ್ದು, ಮಕ್ಕಳ ಬಟ್ಟೆಬರೆ, ಬಿಲ್ಲುಗಳನ್ನೆಲ್ಲ ನೋಡಿಕೊಂಡವಳು. ಶವಸಂಸ್ಕಾರದ ಉಪದೇಶವನ್ನು ಮುಲ್ಲರನೇ ಮಾಡಿದ. 119ನೆಯ ಕೀರ್ತನೆಯಲ್ಲಿ ದೇವರ ಒಳ್ಳೆಯತನವನ್ನು ಹೇಳುವ ವಾಕ್ಯವನ್ನು ಆರಿಸಿಕೊಂಡು, ಇವಳನ್ನು ತನಗೆ ಕೊಟ್ಟಾಗಲೂ, ಇಷ್ಟು ಕಾಲ ಉಳಿಸಿದಾಗಲೂ, ಈಗ ಕರೆದುಕೊಂಡಾಗಲೂ ದೇವರು ಒಳ್ಳೆಯವನೇ ಎಂಬ ಅರ್ಥದಲ್ಲಿ ಮಾತನಾಡಿದ. ಮೂರನೆಯ ಮಾತನ್ನು ಆಡಲು ಆ ಮನುಷ್ಯನಿಗೆ ಎಷ್ಟು ಕಷ್ಟವಾಗಿರಬೇಕು!

ಆ ವರ್ಷದ ಹೊತ್ತಿಗೆ ಕಟ್ಟಡಗಳು ಐದಾಗಿದ್ದವು, ಎರಡು ಸಾವಿರ ಮಕ್ಕಳಿಗೆ ಅಲ್ಲಿ ಜಾಗವಿತ್ತು. ಆತನ ಜೀವಮಾನದಲ್ಲಿ ಸುಮಾರು ಹತ್ತು ಸಾವಿರ ಮಕ್ಕಳು ಅಲ್ಲಿ ಬೆಳೆದರು. ಎಪ್ಪತ್ತು ದಾಟಿದ ಮೇಲೆ ಹಲವು ದೇಶಗಳನ್ನು ಸುತ್ತಿ ಉಪದೇಶ ಮಾಡಿದ, ಭಾರತಕ್ಕೂ ಬಂದಿದ್ದ. 1898ರ ಮಾರ್ಚ್ 10ರಂದು ಆಷ್ಲಿ ಡೌನ್‌ನ ತನ್ನ ಕೋಣೆಯಲ್ಲಿ ತೀರಿಕೊಂಡ. ಲಕ್ಷಗಟ್ಟಲೆ ಪೌಂಡು ಕೈದಾಟಿಸಿದ ಆತನ ಸ್ವಂತದ್ದೆಂದು ಉಳಿದದ್ದು, ಮನೆಯ ಸಾಮಾನೂ ಸೇರಿ, ಸುಮಾರು 160 ಪೌಂಡು.